ಚಿತ್ರದ ಉಳಿದ ಭಾಗ

ಫೈಲಿನ ಹೆಸರಿನ ಬಾಲದಲ್ಲಿದ್ದ ‘ಡಾಕ್ಸ್’ ಅಳಿಸಿ ‘ಜಿಪ್’ ಎಂದು ಬರೆದು ಮಗಳು ಗುಂಡಿ ಒತ್ತಿದಳು. ಅಮ್ಮನ ಹಾಡುಗಳನ್ನು ಅಪ್ಪ ಟೈಪ್ ಮಾಡಿಟ್ಟಿದ್ದ ವರ್ಡ್ ಫೈಲು ಗಂಟು ಬಿಚ್ಚಿದಂತೆ ತೆರೆದುಕೊಂಡು ಒಳಗಿನ ಬರಹವನ್ನೂ ಚಿತ್ರವನ್ನೂ ಬೇರೆಬೇರೆಯಾಗಿ ತೋರಿಸಿತು. ಅದರ ಮೊದಲ ಪುಟದಲ್ಲಿದ್ದ ಮುಖವೊಂದೇ ಮನೆಯಲ್ಲಿ ಉಳಿದಿದ್ದ ಅಮ್ಮನ ಫೋಟೊ. ಅದನ್ನು ಹೊರತೆಗೆದು ದೊಡ್ಡದು ಮಾಡಿಸಬೇಕೆಂಬುದು ಅವಳ ಆಸೆ. ಹೆತ್ತ ಕೆಲವೇ ವಾರಗಳಲ್ಲಿ ತೀರಿಹೋದ ಅಮ್ಮನ ಜೊತೆ ತಾನಿರುವ ಚಿತ್ರ ಒಂದೂ ಇಲ್ಲವೆಂಬುದನ್ನು ಅವಳು ಎಂದೋ ಒಪ್ಪಿಕೊಂಡಿದ್ದಳು.

ಮಧ್ಯಾಹ್ನದ ಗಾಳಿಗೆ ಕಿಟಕಿಯ ಪರದೆ ಮೆಲ್ಲಗೆ ಉಸಿರಾಡುತ್ತಿತ್ತು. ಅವಳು ತೆರೆದ ಚಿತ್ರ ಮೇಲಿನಿಂದ ನಿಧಾನವಾಗಿ ಮೂಡತೊಡಗಿತು. ಹಣೆ, ನಗು, ಗಲ್ಲ. ಅಲ್ಲಿಗೆ ಮುಗಿಯಬೇಕಿದ್ದ ಚಿತ್ರ ಮುಗಿಯಲಿಲ್ಲ. ಕನಸಿನಲ್ಲಿ ಮನೆಯೊಳಗೆ ಹೊಸ ಕೋಣೆಯೊಂದು ಸಿಕ್ಕಂತೆ ಕತ್ತು, ತೋಳು, ತೋಳಿನಲ್ಲೊಂದು ಕೂಸು ಕಾಣಿಸಿಕೊಂಡವು. ಕೂಸು ಅಮ್ಮನ ಕಿರುಬೆರಳನ್ನು ಮುಷ್ಟಿಯಲ್ಲಿ ಹಿಡಿದಿತ್ತು.

“ಅಪ್ಪಾ, ಈ ಮಗು ಯಾರು?”

ಬಾಗಿಲಲ್ಲಿದ್ದ ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದರು. “ನೀನೇ ಕಣೇ. ಪುಟಕ್ಕೆ ಮುಖ ಸಾಕು ಅಂತ ವರ್ಡ್‌ನಲ್ಲೇ ಕತ್ತರಿಸಿದ್ದೆ. ಆಮೇಲೆ ಆ ಫೋಟೊನೇ ಎಲ್ಲೋ ಕಳೆದುಹೋಯ್ತು. ಕತ್ತರಿಸಿದ್ದು ಫೈಲಿನ ಒಳಗೇ ಉಳಿದಿರುತ್ತೆ ಅಂತ ನಂಗೇನು ಗೊತ್ತು?”

ಮಗಳು ತನ್ನ ಕಿರುಬೆರಳನ್ನು ತಾನೇ ಮುಷ್ಟಿಯಲ್ಲಿ ಹಿಡಿದು, ಆ ಹಿಡಿತ ಎಷ್ಟು ಬಿಗಿಯಿದ್ದಿರಬಹುದೆಂದು ನೋಡಿಕೊಂಡಳು.

“ಇನ್ನೂ ಬಿಗಿ,” ಎಂದರು ಅಪ್ಪ. “ಬಿಡಿಸೋಕೇ ಬಿಡ್ತಿರಲಿಲ್ಲ ನೀನು.”