ಬಾಯಿ ಮುಚ್ಚಿದ ಆಕಳಿಕೆ

ಹೆಂಡತಿಯ ಎದುರು ಕೂತು ಬೆಳಗಿನ ಚಹಾ ಕುಡಿಯುತ್ತಿದ್ದ ಡ್ರೈವರ್ ಆಕಳಿಸಿದ. ಆದರೆ ಬಾಯಿ ತೆರೆಯಲಿಲ್ಲ. ತುಟಿ ಬಿಗಿದು, ಮೂಗಿನ ಹೊಳ್ಳೆ ಅರಳಿಸಿ, ಆಕಳಿಕೆಯನ್ನು ಗಂಟಲಲ್ಲೇ ನುಂಗಿಕೊಂಡ. ಕಣ್ಣಲ್ಲಿ ಮಾತ್ರ ನೀರಾಡಿತು.

ಅವಳು ಲೋಟ ಕೆಳಗಿಟ್ಟಳು. ಅವನು ಕೆಲಸ ಮಾಡುವ ವಿಶ್ವವಿದ್ಯಾಲಯದ ಬಸ್ಸುಗಳ ಸುರಕ್ಷತೆ ನೋಡಿಕೊಳ್ಳುವವಳು ಅವಳೇ. ಡ್ರೈವರ್ ಆಕಳಿಸಲು ಬಾಯಿ ಅಗಲಿಸಿದರೆ ಸಾಕು, ಸ್ಟಿಯರಿಂಗ್ ಮೇಲಿನ ಕ್ಯಾಮೆರಾ ಅವಳ ಕೋಣೆಯಲ್ಲಿ ಬೊಬ್ಬೆ ಹೊಡೆಯುತ್ತಿತ್ತು. ಈಚೆಗೆ ಅದು ತೆಪ್ಪಗಿತ್ತು. ಡ್ರೈವರುಗಳೆಲ್ಲ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆಂದು ಕುಲಪತಿಗಳು ತುಂಬಿದ ಸಭೆಯಲ್ಲಿ ಅವಳಿಗೆ ಚಪ್ಪಾಳೆ ಹೊಡೆಸಿದ್ದರು.

“ಇದು ಮನೆ ಕಣ್ರೀ, ಇಲ್ಲಿ ಕ್ಯಾಮೆರಾ ಇಲ್ಲ. ಬಾಯಿ ಬಿಟ್ಟೇ ಆಕಳಿಸಿ.”

“ಅಭ್ಯಾಸ ಆಗ್ಹೋಗಿದೆ ಕಣೇ,” ಎಂದು ಅವನು ನಕ್ಕ. “ನಿನ್ನ ಯಂತ್ರ ಕೂಗಿದ್ರೆ ಸಂಬಳ ಇಲ್ಲದೆ ಮನೇಲಿ ಕೂರಿಸ್ತಾರೆ, ಯಾರಿಗೆ ಬೇಕು ಹೇಳು? ನಮ್ಮಲ್ಲಿ ಈಗ ಎಲ್ಲರಿಗೂ ಇದು ಬರುತ್ತೆ. ಹೊಸಬರಿಗಂತೂ ನಾನೇ ಮೇಷ್ಟ್ರು.”

ಅವಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಚಹಾದ ಮೇಲೆ ಕೆನೆ ಕಟ್ಟುವುದನ್ನು ಬೇರೆ ಯಾರದೋ ಮನೆಯ ಚಹಾ ಎಂಬಂತೆ ನೋಡುತ್ತ ಕೂತಳು. ಅವನು ಎದ್ದು ಶೂ ಹಾಕಿಕೊಳ್ಳುತ್ತ ಇನ್ನೊಂದು ಆಕಳಿಕೆ ನುಂಗಿದ. ಅವಳು ಡಿಪೋಗೆ ಫೋನ್ ಮಾಡಿದಳು.

“ಇವತ್ತು ಬಸ್ ಬಿಡಬೇಡಿ.”

“ಯಾವ ಬಸ್ಸು ಮೇಡಂ? ನಿಮ್ಮ ಯಜಮಾನ್ರದ್ದಾ?”

ಲೇಸು ಕಟ್ಟುತ್ತಿದ್ದ ಅವನ ಕೈ ನಿಂತಿತು.

“ಎಲ್ಲಾ ಬಸ್ಸೂ,” ಎಂದಳು ಅವಳು.