ಮೂವತ್ತೆಂಟನೆಯ ದೋಷ

ಬುಗುರಿ ನಾಲ್ಕು ಅಂಕ ಕೊಟ್ಟಿದ್ದ ದೋಷಕ್ಕೆ ಉಳಿದಿಬ್ಬರು ಪರಿಣತರೂ ಸೊನ್ನೆ ಕೊಟ್ಟಿದ್ದರು. ಗೋಡೆಯ ಮೇಲೆ ಮೂಡಿದ್ದ ಪಟ್ಟಿಯಲ್ಲಿ ಅದು ಮೂವತ್ತೆಂಟನೆಯದು. ಸೊನ್ನೆ ಎಂದರೆ ಅದು ದೋಷವೇ ಅಲ್ಲ. ನಾಲ್ಕು ಎಂದರೆ ಸರಿಪಡಿಸುವವರೆಗೆ ರೋಗಿಗಳಿಗೆ ಔಷಧ ಹರಿಸುವ ಈ ಯಂತ್ರ ಆಸ್ಪತ್ರೆಯ ಬಾಗಿಲು ದಾಟುವಂತಿಲ್ಲ. ಮೂವರ ಸರಾಸರಿ ಒಂದೂ ಚಿಲ್ಲರೆ ಬಂತು. ಯಂತ್ರ ತಯಾರಿಸಿದ ಕಂಪನಿಯ ಮ್ಯಾನೇಜರ್ ಇದನ್ನು ಬಿಡೋಣ ಎಂದು ಮುಂದಿನದಕ್ಕೆ ಹೋದ.

ಕೂತಲ್ಲಿ ಕೂರದ ಚಾಳಿಯಿಂದಲೇ ಅವಳಿಗೆ ಬುಗುರಿ ಎಂಬ ಹೆಸರು ಅಂಟಿಕೊಂಡದ್ದು. ಪರಿಶೀಲನೆಯ ದಿನ ಮೂವರೂ ಬೇರೆ ಬೇರೆ ಕೋಣೆಯಲ್ಲಿ ಕೂತು, ಪರದೆ ಪರದೆ ತಿರುವಿ ಹಾಕಿ, ಬಳಸುವವರು ಎಲ್ಲೆಲ್ಲಿ ಎಡವಬಹುದು ಎಂದು ಪಟ್ಟಿ ಮಾಡಬೇಕು. ಪಟ್ಟಿ ಒಪ್ಪಿಸುವವರೆಗೆ ಒಬ್ಬರಿಗೊಬ್ಬರು ತುಟಿ ಬಿಚ್ಚುವಂತಿಲ್ಲ. ಮೂವರಲ್ಲಿ ಒಬ್ಬರಾದ, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದ ಹಿರಿಯರು ಎರಡು ಗಂಟೆ ಕದಲದೆ ಕೂತಿದ್ದರು. ಬುಗುರಿ ಒಂಬತ್ತು ಸಲ ಎದ್ದಳು. ಏಳನೆಯ ಸಲ ವಾಪಸು ಬಂದಾಗ ಅದು ಕಣ್ಣಿಗೆ ಬಿತ್ತು. ಎರಡು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗುತ್ತದೆ. ಮತ್ತೆ ಮುಟ್ಟಿದಾಗ, ಬರೆದಿದ್ದ ಔಷಧದ ಅಳತೆ ಹಾಗೇ ಇರುತ್ತದೆ, ಹಾಸಿಗೆಯ ನಂಬರು ಮಾತ್ರ ತೆಪ್ಪಗೆ ಒಂದಕ್ಕೆ ಬಂದು ಕೂತಿರುತ್ತದೆ. ಅದೂ ಮೂಲೆಯಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ.

ವಾರ್ಡಿನ ಆರು ಹಾಸಿಗೆಗಳ ಔಷಧದ ಪಂಪುಗಳನ್ನು ನಡೆಸುವ ಇದೇ ಪರದೆಯ ಹಳೆಯ ಮಾದರಿ ಅವಳ ಅಕ್ಕನ ಆಸ್ಪತ್ರೆಯಲ್ಲಿತ್ತು. ಕಳೆದ ತಿಂಗಳು ನಾಲ್ಕನೇ ಹಾಸಿಗೆಯ ಔಷಧ ಒಂದನೇ ಹಾಸಿಗೆಗೆ ಹರಿದಿತ್ತು. ರೋಗಿ ಉಳಿದ, ನರ್ಸ್ ಆಗಿದ್ದ ಅಕ್ಕ ಅಮಾನತಾದಳು. ನಾನು ನಾಲ್ಕಕ್ಕೇ ಹಾಕಿದ್ದೆ ಎಂದು ಅಕ್ಕ ಹೇಳಿದ್ದನ್ನು ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ ಬುಗುರಿಗೂ ಒಂದು ಚೂರು ಅನುಮಾನವಿತ್ತು, ಅದಕ್ಕಾಗಿ ಈಗ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ನಾಳಿದ್ದು ವಿಚಾರಣೆ. ಅಷ್ಟರೊಳಗೆ ಈ ದೋಷ ವರದಿಯಲ್ಲಿ ಅಚ್ಚಾಗಬೇಕು. ಅಕ್ಕನ ವಿಷಯ ಅವಳು ಇಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಬಿಟ್ಟಿದ್ದರೆ ಈ ಕೆಲಸವೇ ಸಿಗುತ್ತಿರಲಿಲ್ಲ.

"ಎರಡು ಗಂಟೆ ನೋಡಿದೀನಮ್ಮ, ಒಂದು ಸಲಾನೂ ಹಾಗಾಗಲಿಲ್ಲ," ಎಂದರು ಹಿರಿಯರು, ಮೂವತ್ತೆಂಟನ್ನು ಬಿಡುವುದು ಬೇಡ ಎಂದು ಬುಗುರಿ ತಡೆದಾಗ.

"ಮಧ್ಯೆ ಎದ್ದು ಹೋಗಿದ್ರಾ ಸರ್?"

"ಕೆಲಸದ ಮಧ್ಯೆ ಯಾಕೆ ಎದ್ದು ಹೋಗಲಿ?"

ಬುಗುರಿ ಸರಿ ಬಿಡಿ ಎಂದು ಹೊರಗೆ ಹೋದಳು. ಅವಳು ಎದ್ದು ಹೋಗುವುದು ಯಾರಿಗೂ ಹೊಸದಲ್ಲ. ಕಾರಿಡಾರಿನಲ್ಲಿ ನಾಲ್ಕು ಸುತ್ತು ಹಾಕಿ ಮರಳಿದಾಗ ಹಿರಿಯರು ನಲವತ್ತೊಂದನೆಯ ದೋಷ ತೋರಿಸಲು ಯಂತ್ರದ ಪರದೆಯಲ್ಲಿ ನಾಲ್ಕನೇ ಹಾಸಿಗೆ ಆರಿಸಿ, ಅಳತೆ ಹನ್ನೆರಡು ಎಂದು ಬರೆದು, ಪಂಪು ಶುರು ಮಾಡುವ ಹಸಿರು ಗುಂಡಿ ಎಷ್ಟು ಚಿಕ್ಕದು ನೋಡಿ ಎನ್ನುತ್ತಿದ್ದರು. ಸರ್, ನಿಮ್ಮ ಕಾರು ಅಡ್ಡ ನಿಂತಿದೆಯಂತೆ, ಕೆಳಗೆ ಕರೀತಿದಾರೆ ಎಂದು ಬುಗುರಿ ಹಸಿ ಸುಳ್ಳು ಹೇಳಿದಳು. ಅವರು ಗೊಣಗುತ್ತ ಇಳಿದು ಹೋದರು. ಮ್ಯಾನೇಜರ್ ಫೋನಿನೊಳಗೆ ತಲೆ ಹುದುಗಿಸಿದ. ಪರದೆ ಮಂಕಾಗುತ್ತಿದ್ದಂತೆ ಮೂರನೆಯ ಪರಿಣತೆ ಅಭ್ಯಾಸಬಲದಿಂದ ಬೆರಳು ಚಾಚಿದಳು. ಬುಗುರಿ ತಟ್ಟನೆ ಅವಳ ಕೈಗೆ ತನ್ನ ಫೈಲು ತುರುಕಿ, ಏನೋ ಒಂದು ಕೇಳಿದಳು, ಉತ್ತರ ಕಿವಿಗೇ ಬೀಳಲಿಲ್ಲ. ಪರದೆ ಪೂರ್ತಿ ಕಪ್ಪಾಯಿತು.

ಹಿರಿಯರು ಏದುಸಿರು ಬಿಡುತ್ತ ಬಂದರು. ಕೆಳಗೆ ನರಪಿಳ್ಳೆಯೂ ಇರಲಿಲ್ಲವಂತೆ. ಸಿಡುಕುತ್ತಲೇ ಕೂತು, ಪರದೆ ಮುಟ್ಟಿ, ಎಲ್ಲಿದ್ದೆವು ನಾವು, ಹಾಂ, ಈ ಗುಂಡಿ ಎನ್ನುತ್ತ ಹಸಿರನ್ನು ಒತ್ತಿದರು. ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಪಂಪುಗಳಲ್ಲಿ ನಾಲ್ಕನೆಯದು ಸುಮ್ಮನಿತ್ತು. ಮೊದಲನೆಯದು ಗುರ್ ಎಂದು ತಿರುಗತೊಡಗಿತು.

ಎಲ್ಲರೂ ಒಂದು ಕ್ಷಣ ಪಂಪನ್ನೇ ನೋಡಿದರು. ಆಮೇಲೆ ಹಿರಿಯರೇ ಹಣೆ ಚಚ್ಚಿಕೊಂಡು ಮೊದಲು ನಕ್ಕರು. ಕೋಣೆಗೆ ಕೋಣೆಯೇ ನಕ್ಕಿತು. ಅವರು ದೊಡ್ಡ ಮನುಷ್ಯರು, ತಾವಾಗಿಯೇ ತಮ್ಮ ಸೊನ್ನೆಯನ್ನು ಹೊಡೆದು ನಾಲ್ಕು ಬರೆದರು. ಮೂರನೆಯವಳೂ ಬರೆದಳು. "ನಿಮ್ಮಂಥವರೇ ಒತ್ತಿದ್ರು ಅಂದ್ಮೇಲೆ ಯಾರಾದ್ರೂ ಒತ್ತುತಾರೆ ಸರ್, ಪರದೇದೇ ತಪ್ಪು," ಎಂದ ಮ್ಯಾನೇಜರ್, ಎಲ್ಲರಿಗೂ ಟೀ ತರಿಸಿದ. ಪರದೆಯ ಈ ಭಾಗ ಹಳೆಯ ಮಾದರಿಯದ್ದೇ ಎಂದು ಮ್ಯಾನೇಜರನಿಂದ ಕೇಳಿ ತಿಳಿದು, ಹಳೆಯ ಮಾದರಿಯಲ್ಲೂ ಇದೇ ದೋಷವಿದೆ ಎಂಬ ಸಾಲನ್ನು ಬುಗುರಿ ನಿಂತು ವರದಿಯಲ್ಲಿ ಬರೆಸಿದಳು, ಎಲ್ಲರ ಸಹಿ ಹಾಕಿಸಿಕೊಂಡಳು. ಟೀ ಮುಟ್ಟದೆ ಮನೆಗೆ ಓಡಿದಳು.

ಅಕ್ಕ ಮಂಚದ ಅಂಚಿನಲ್ಲಿ ಕೂತು ವಿಚಾರಣೆಗೆ ಕೊಡಬೇಕಾದ ಹೇಳಿಕೆಯನ್ನು ನಾಲ್ಕನೇ ಸಲ ತಿದ್ದಿ ಬರೆಯುತ್ತಿದ್ದಳು. ಬುಗುರಿ ನಿಂತಲ್ಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಿನ್ನನ್ನು ನಂಬದೆ ಹೋದೆ ಎನ್ನುವುದನ್ನೂ ಸೇರಿಸಿದಳು. ಅಕ್ಕ ಪೆನ್ನಿನ ಮುಚ್ಚಳ ಹಾಕಿ ಕೇಳಿದಳು.

"ಒತ್ತಿದವರು ತುಂಬ ತಿಳಿದವರಾ?"

"ಇಪ್ಪತ್ತು ವರ್ಷದ ಅನುಭವ ಅಕ್ಕ. ಅರ್ಧ ಗಂಟೆ ಮುಂಚೆ ಅದೇ ದೋಷದ ಬಗ್ಗೆ ನನ್ನ ಜೊತೆ ವಾದ ಮಾಡಿದ್ರು."

"ಒತ್ತಿದ ಮೇಲೆ?"

"ನಕ್ಕರು. ಎಲ್ಲರೂ ನಕ್ಕರು."

ಅಕ್ಕ ಮಡಿಲಲ್ಲಿದ್ದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಅವರ ಹತ್ರ ಯಾರೂ ಹೇಳಿಕೆ ಬರೆಸ್ಕೊಳ್ಳಲಿಲ್ವಾ?"