ಮಳಿಗೆಯ ಹಿಂದಿನ ಚಾಪೆ

ಮೇ ತಿಂಗಳು, ದಕ್ಷಿಣ ಸಮುದ್ರದ ಆ ದ್ವೀಪದಲ್ಲಿ ಮಳೆಗಾಲ ಮುಗಿಯುವ ಹೊತ್ತು. ಮಳೆ ಹಿಂದೆಗೆದಿದ್ದರೂ ಟೈಲೇವುವಿನ ಹುಲ್ಲುಗಾವಲಿನಲ್ಲಿ ನೀರು ಇನ್ನೂ ಇಂಗಿರಲಿಲ್ಲ. ಬಿಸುನ್ ದೇವ್ ನಸುಕಿನಲ್ಲೇ ಹನ್ನೊಂದು ಹಸುಗಳ ಹಾಲು ಕರೆದು, ಕ್ಯಾನುಗಳನ್ನು ರಸ್ತೆ ಬದಿಯ ಕಟ್ಟೆಯ ಮೇಲಿಟ್ಟು, ಕೆಸರುಗಾಲು ತೊಳೆದುಕೊಂಡು, ಹೆಂಡತಿ ಧನ್‌ಮತಿಯ ಜೊತೆ ರಾಜಧಾನಿ ಸುವಾದ ಬಸ್ಸು ಹತ್ತಿದ. ನಗರದಲ್ಲಿ ಊಟದ ಹಬ್ಬ. ಮೂವತ್ತು ದೇಶದ ಅಡುಗೆ ಇರುತ್ತದೆಂದು ಹಾಲಿನ ಲಾರಿಯವನು ಹೇಳಿದ್ದ. ಟೈಫಾಯ್ಡ್ ಬಿಟ್ಟು ಎರಡು ತಿಂಗಳಾದರೂ ಧನ್‌ಮತಿಯ ನಾಲಿಗೆಗೆ ರುಚಿ ಮರಳಿರಲಿಲ್ಲ. ಚಹಾ, ಬಿಸ್ಕತ್ತು, ಅದೂ ಬಲವಂತಕ್ಕೆ. ಸೋಮವಾರ ತೂಕ ನೋಡುತ್ತೇನೆ, ಇಳಿದಿದ್ದರೆ ಮತ್ತೆ ಆಸ್ಪತ್ರೆಯೇ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೂವತ್ತರಲ್ಲಿ ಒಂದಾದರೂ ಹಿಡಿಸೀತು ಎಂಬುದು ಬಿಸುನನ ಆಸೆ.

ಬಾಗಿಲಲ್ಲಿ ತಲೆಗೆ ಹದಿನೈದು ಡಾಲರ್.

"ಊಟ ಸೇರಿ ತಾನೇ?" ಎಂದಳು ಧನ್‌ಮತಿ.

"ಊಟ ಬೇರೆ ಅಮ್ಮ. ಇದು ಒಳಗೆ ಹೋಗಿ ನೋಡೋದಕ್ಕೆ," ಎಂದ ಟಿಕೆಟ್ಟಿನವನು.

"ಊಟ ನೋಡೋದಕ್ಕೆ ದುಡ್ಡು!" ಅವಳು ಗಂಡನ ಕಡೆ ತಿರುಗಿದಳು. "ರೀ, ನೀವೂ ಕೊಟ್ಟಿಗೆ ಬಾಗಿಲಿಗೆ ಒಬ್ಬನ್ನ ಕೂರಿಸಿ. ಹಾಲು ಕರೆಯೋದನ್ನ ನೋಡಿ ಹೋಗ್ಲಿ ಜನ."

ಮೊದಲು ಥಾಯ್ಲೆಂಡಿನವರ ಶ್ಯಾವಿಗೆ, ಹದಿನಾಲ್ಕು ಡಾಲರ್. ಧನ್‌ಮತಿ ಒಂದೆಳೆ ಬಾಯಿಗಿಟ್ಟು, "ಸಪ್ಪೆ," ಎಂದು ದೊನ್ನೆಯನ್ನು ಅವನಿಗೆ ದಾಟಿಸಿದಳು. ಬಿಸುನ್ ತಿಂದ. ಕಣ್ಣಲ್ಲಿ ನೀರು ಬರುವಷ್ಟು ಖಾರವಿತ್ತು. ಆಮೇಲೆ ಸಿಗಡಿ, ಹದಿನೆಂಟು. "ಇದೂ ಹಂಗೇ. ಕಾಗದ ಅಗಿದ ಹಾಗೆ." ಅದನ್ನೂ ಅವನೇ ತಿಂದ. ಮೂರನೆಯದು ಚೀನಾದವರ ಕಡುಬು. ಅಷ್ಟು ಹೊತ್ತಿಗೆ ಅವನ ಹೊಟ್ಟೆ ತುಂಬಿತ್ತು, ಜೇಬಿನಲ್ಲಿ ಬಸ್ಸಿನ ಚಾರ್ಜು ಬಿಟ್ಟರೆ ಹತ್ತರ ನೋಟೊಂದು ಉಳಿದಿತ್ತು. ಹೆಂಡತಿ ಬೆಳಗಿನಿಂದ ಅರ್ಧ ಕಪ್ಪು ಚಹಾದ ಮೇಲೆ ಇದ್ದಳು.

"ನನ್ನ ಕೈಲಿ ನಿಲ್ಲೋಕಾಗಲ್ಲ," ಎಂದಳು. ಮೈದಾನದಲ್ಲಿ ಕೂರುವ ಬೆಂಚುಗಳೆಲ್ಲ ತುಂಬಿದ್ದವು. ನೆರಳು ಹುಡುಕುತ್ತ ಇಬ್ಬರೂ ಮಳಿಗೆಗಳ ಹಿಂಬದಿಗೆ ಬಂದರು. ಗ್ಯಾಸಿನ ಸಿಲಿಂಡರು, ಕರೆಂಟಿನ ವೈರು, ಕರಗುತ್ತಿದ್ದ ಐಸಿನ ಪೆಟ್ಟಿಗೆಗಳ ನಡುವೆ ಒಂದು ಚಾಪೆ. ಅದರ ಮೇಲೆ ದ್ವೀಪದ ರೇವಾ ಹೊಳೆಯ ಮೇಲ್ದಂಡೆಯ, ಅಲ್ಲಿನ ಮೂಲನಿವಾಸಿಗಳಾದ ಇಬ್ಬರು ಹೆಂಗಸರು, ವಯಸ್ಸಾದ ತರೈವಿನಿ ಮತ್ತು ಅವಳ ಸೊಸೆ ಲೋಸನಾ, ಊಟಕ್ಕೆ ಕೂತಿದ್ದರು. ಮುಂದುಗಡೆ ಅವರ ಮಳಿಗೆಯಲ್ಲಿ ಹಂದಿಮಾಂಸಕ್ಕೆ ದಾಸವಾಳ ಸಿಕ್ಕಿಸಿ ಮಾರಾಟ ನಡೆದಿತ್ತು. ಹಿಂದೆ, ಮನೆಯಿಂದ ತಂದ ಮಸಿ ಹಿಡಿದ ಪಾತ್ರೆಯಲ್ಲಿ ಬೇಯಿಸಿದ ಕೆಸುವಿನ ಗಡ್ಡೆ, ತೆಂಗಿನಹಾಲು ಹಾಕಿದ ಕೆಸುವಿನ ಸೊಪ್ಪು.

"ಮಾಯ್ ಕಾನಾ, ಬನ್ನಿ, ಊಟ ಮಾಡಿ," ಎಂದಳು ತರೈವಿನಿ, ತಟ್ಟೆಯಿಂದ ತಲೆಯೆತ್ತದೆ.

ಉಣ್ಣುವವರು ಹಾದು ಹೋಗುವವರನ್ನು ಕರೆಯಬೇಕು. ಕರೆಸಿಕೊಂಡವರು, ಆಯ್ತಮ್ಮ, ನೀವು ಮಾಡಿ, ಎಂದು ನಡೆಯಬೇಕು. ಅಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು. ಬಿಸುನ್ ಹಾಗೆಯೇ ಹೇಳಿ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರೆ, ಧನ್‌ಮತಿ ಚಪ್ಪಲಿ ಬಿಟ್ಟು ಚಾಪೆಯ ತುದಿಯಲ್ಲಿ ಕೂತುಬಿಟ್ಟಿದ್ದಳು.

ಲೋಸನಾಳ ಕೈ ತುತ್ತಿನ ಜೊತೆ ಅರ್ಧಕ್ಕೇ ನಿಂತಿತು. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಇಬ್ಬರಿಗೆಂದು ತಂದ ಊಟ. ತರೈವಿನಿ ಪಾತ್ರೆಯ ಮುಚ್ಚಳವನ್ನು ಅಂಗಾತ ತಿರುಗಿಸಿ, ಅದಕ್ಕೆ ಒಂದು ಗಡ್ಡೆ, ಎರಡು ಸೌಟು ಸೊಪ್ಪು ಹಾಕಿ ಧನ್‌ಮತಿಯ ಮುಂದಿಟ್ಟಳು.

"ಏಳು," ಎಂದ ಬಿಸುನ್ ಮೆಲ್ಲಗೆ. "ಅವರು ಬಾಯಿಮಾತಿಗೆ ಕರೆದದ್ದು."

"ಅಣ್ಣ, ನಿಂತು ಕಾವಲು ಕಾಯಬೇಡಿ, ಕೂತ್ಕೊಳ್ಳಿ," ಎಂದಳು ಲೋಸನಾ.

ಧನ್‌ಮತಿ ಗಡ್ಡೆ ಮುರಿದು, ಸೊಪ್ಪಿನಲ್ಲಿ ಅದ್ದಿ ಬಾಯಿಗಿಟ್ಟಳು. ಅಗಿದಳು. ಇನ್ನೊಂದು ತುತ್ತು. ಹುಬ್ಬು ಗಂಟಿಕ್ಕಿತು.

"ಉಪ್ಪು ಕಮ್ಮಿ ಆಗಿದೆ," ಎಂದಳು.

"ಏನಂದೆ?" ಬಿಸುನ್ ಅಲ್ಲೇ ಕುಕ್ಕರಿಸಿದ. "ಇನ್ನೊಂದ್ಸಲ ಹೇಳು."

"ಸೊಪ್ಪಿಗೆ ಉಪ್ಪು ಸಾಲದು ಅಂದೆ. ಗಡ್ಡೆ ಸರಿ ಇದೆ."

"ನೋಡೇ ಲೋಸನಾ!" ತರೈವಿನಿ ಸೊಂಟದ ಮೇಲೆ ಕೈಯಿಟ್ಟಳು. "ಕರೆದು ಕೂರಿಸಿದ್ದಕ್ಕೆ ಮಾತು ಕೇಳು! ಮೂವತ್ತು ವರ್ಷ ನಿನ್ನ ಮಾವ ಒಂದು ದಿನವೂ ನನಗೆ ಹಿಂಗಂದಿರಲಿಲ್ಲ."

"ಪಾಪ, ಮಾವನಿಗೆ ಧೈರ್ಯ ಎಲ್ಲಿತ್ತು ಅತ್ತೆ," ಎಂದಳು ಸೊಸೆ, ಉಪ್ಪಿನ ಪೊಟ್ಟಣ ಮುಂದಕ್ಕೆ ತಳ್ಳುತ್ತ.

ಧನ್‌ಮತಿ ತಾನೇ ಉಪ್ಪು ಉದುರಿಸಿಕೊಂಡು ಮುಚ್ಚಳ ಬಳಿದು ತಿಂದಳು. ಎರಡನೆಯ ಗಡ್ಡೆ ಲೋಸನಾಳ ತಟ್ಟೆಯಿಂದ ಬಂತು. ಬಿಸುನ್ ಹತ್ತರ ನೋಟು ತೆಗೆದ.

"ಅದನ್ನ ಒಳಗಿಡಪ್ಪ," ಎಂದಳು ತರೈವಿನಿ. "ಮಾರೋದು ಮುಂದುಗಡೆ. ಇಲ್ಲಿ ನಾವು ಉಣ್ತೀವಿ."

ಹೊರಡುವಾಗ ಬಾಗಿಲಲ್ಲಿ ಹಳದಿ ಅಂಗಿಯವನೊಬ್ಬ ಕಾಗದ ಹಿಡಿದು, ಹೊರಗೆ ಹೋಗುವವರನ್ನೆಲ್ಲ ಕೇಳುತ್ತಿದ್ದ. "ಒಂದೇ ಪ್ರಶ್ನೆ ಸಾರ್. ಕೊಟ್ಟ ದುಡ್ಡಿಗೆ ತಕ್ಕ ಊಟ ಸಿಕ್ತಾ? ಹೌದು, ಇಲ್ಲ, ಅಷ್ಟು ಹೇಳಿದ್ರೆ ಸಾಕು."

ಬಿಸುನ್ ಜೇಬಿನಲ್ಲಿದ್ದ ಹತ್ತರ ನೋಟನ್ನು ಮುಟ್ಟಿ ನೋಡಿಕೊಂಡ.

"ದುಡ್ಡು ಕೊಟ್ಟದ್ದನ್ನ ಅವಳು ತಿನ್ನಲಿಲ್ಲ. ಅವಳು ತಿಂದದ್ದಕ್ಕೆ ನಾನು ದುಡ್ಡು ಕೊಡಲಿಲ್ಲ. ಏನಂತ ಬರ್ಕೋತೀಯೋ ಬರ್ಕೋ."

ಹಳದಿ ಅಂಗಿಯವನ ಪೆನ್ಸಿಲು ಎರಡು ಚೌಕಗಳ ನಡುವೆ ನಿಂತಿತು. ಅಷ್ಟರಲ್ಲಿ ರಸ್ತೆ ದಾಟಿದ್ದ ಧನ್‌ಮತಿ ಆ ಕಡೆಯಿಂದ ಕೂಗಿದಳು: "ರೀ, ಬರ್ತೀರೋ ಇಲ್ವೋ? ಮಾರ್ಕೆಟ್ ಮುಚ್ಚಿಬಿಟ್ಟರೆ ರಾತ್ರಿಗೆ ಏನು ಬೇಯಿಸಲಿ?"